ಡಿಜಿಟಲ್ ಸಮಾಜದ ಭೂಗೋಳ: ಅಂತಾರಾಷ್ಟ್ರೀಯ ಸಹಯೋಗದ ಅಧ್ಯಯನಗಳು ಮತ್ತು ಪಶ್ಚಿಮ ಬೆಂಗಳೂರು

ಬೆಂಗಳೂರನ್ನು ಕುರಿತ ವಿದ್ವತ್ ಸಾಹಿತ್ಯದಲ್ಲಿ ಕಳೆದ ಮೂರು ದಶಕಗಳಿಂದ ಮಾಹಿತಿ ತಂತ್ರಜ್ಞಾನಕ್ಕೆ ಸಂದಿರುವ ಸ್ಥಾನ ದೊಡ್ಡದು. ಇದರ ಗಣನೀಯ ಭಾಗ ಇಲ್ಲಿನ ಸಂಸ್ಥೆಗಳೂ ಹೊರದೇಶದ ವಿಶ್ವವಿದ್ಯಾಲಯಗಳೂ ಕೂಡಿ ನಡೆಸಿದ ಸಂಶೋಧನೆಯ ಫಲ. ಅದರಲ್ಲಿ ಮೂಡಿರುವ ನಗರದ ಚಿತ್ರವನ್ನು ಭೂಪಟದ ಮೇಲಿಟ್ಟು ನೋಡಿದರೆ ಅದು ಪೂರ್ವಕ್ಕೂ ದಕ್ಷಿಣಕ್ಕೂ ವಾಲಿರುವುದು ಎದ್ದು ಕಾಣುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ಮತ್ತೆ ಮತ್ತೆ ಬರುತ್ತವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಹೆಸರು ವಿರಳ. ಈ ವಾಲುವಿಕೆ ಹೇಗೆ ಬಂದಿತು, ಈಚೆಗೆ ಅದು ಹೇಗೆ ಸರಿಯಾಗತೊಡಗಿದೆ, ಇನ್ನೂ ಉಳಿದಿರುವ ತೊಡಕು ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊರಗಿನ ವಿದ್ವಾಂಸರು ಬೆಂಗಳೂರಿನ ಭೂಗೋಳವನ್ನು ಅಳೆದುದು ಇದೇ ಮೊದಲಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ನೋಯಲ್ ಜಿಸ್ಟ್ 1957ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪಾಶ್ಚಾತ್ಯ ನಗರಗಳಿಂದ ರೂಪುಗೊಂಡ ಸಿದ್ಧಾಂತವನ್ನು ಈ ಊರಿಗೆ ಹಚ್ಚಿ ನೋಡಿದರು. ಅಲ್ಲಿ ಅನುಕೂಲಸ್ಥರು ಊರಂಚಿಗೆ ಸರಿದರೆ, ಇಲ್ಲಿ ಮೇಲ್ಜಾತಿಯವರು ನಡುವೂರಿನಲ್ಲಿಯೇ ನೆಲೆಸಿದ್ದರು. ಸಿದ್ಧಾಂತ ಹೊರಗಿನದಾದರೂ ಊರು ಅದನ್ನು ತಿದ್ದಿತು. ಆ ಬಳಿಕದ ಸಹಯೋಗದ ಅಧ್ಯಯನಗಳನ್ನು ಓದುವಾಗಲೂ ಈ ನಿದರ್ಶನ ನೆನಪಿನಲ್ಲಿರಬೇಕು.

ಪಶ್ಚಿಮ ಭಾಗ ನಿರ್ಲಕ್ಷ್ಯಕ್ಕೆ ಒಳಗಾದುದಕ್ಕೆ ಚಾರಿತ್ರಿಕ ಕಾರಣಗಳಿವೆ. ಮಾಗಡಿ ರಸ್ತೆಯ ಆಸುಪಾಸಿನ ಬಟ್ಟೆ ಗಿರಣಿಗಳು, ಸ್ವಾತಂತ್ರ್ಯಾನಂತರ ಬೆಳೆದ ರಾಜಾಜಿನಗರದ ಕೈಗಾರಿಕಾ ವಸಾಹತು, ಅದರಾಚೆಗೆ ಪೀಣ್ಯ, ಕಾಮಾಕ್ಷಿಪಾಳ್ಯದ ಸಣ್ಣ ಸಣ್ಣ ಲೇತ್ ಯಂತ್ರಗಳ ಶೆಡ್ಡುಗಳು: ಇದು ಕಾರ್ಮಿಕರ, ಗುಮಾಸ್ತರ, ಕಿರು ಉದ್ಯಮಿಗಳ ನಗರ. ತಂತ್ರಾಂಶ ಉದ್ಯಮ ಬಯಸಿದ ವಿಶಾಲ ಬಯಲು ಮತ್ತು ಹೊಸ ರಸ್ತೆಗಳು ಬೇರೆಡೆ ಸಿಕ್ಕವು. ಮೈಸೂರು ರಸ್ತೆಯಲ್ಲಿ ಪಟ್ಟಣಗೆರೆಯ ಬಳಿಯ ಗ್ಲೋಬಲ್ ವಿಲೇಜ್ ಇದಕ್ಕೆ ಅಪವಾದ; ಮೈಂಡ್‌ಟ್ರೀ ಕಂಪನಿಯ ಮುಖ್ಯ ಕಚೇರಿ ಅಲ್ಲಿತ್ತು. ಇನ್ನೊಂದು ಅಪವಾದ ಸ್ವಾರಸ್ಯದ್ದು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ನೆಲದಲ್ಲಿ ಎದ್ದ ಬ್ರಿಗೇಡ್ ಗೇಟ್‌ವೇ ಸಂಕೀರ್ಣ ಹಲವು ವರ್ಷ ಅಮೆಜಾನ್‌ನ ಭಾರತೀಯ ಕೇಂದ್ರವಾಗಿತ್ತು. ಹೀಗಾಗಿ ದೇಶದ ಮೂಲೆಮೂಲೆಗೆ ಹೋದ ಬಿಲ್ಲುಗಳ ಮೇಲೆ ನಮ್ಮ ಡಾ. ರಾಜ್‌ಕುಮಾರ್ ರಸ್ತೆಯ ವಿಳಾಸ ಅಚ್ಚಾಗುತ್ತಿತ್ತು.

ಸಹಯೋಗದ ಮೊದಲ ಘಟ್ಟದ ಅಧ್ಯಯನಗಳು ಉದ್ಯೋಗಿಯನ್ನು ಹುಡುಕಿ ಹೋದದ್ದು ಕಚೇರಿಗೆ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರೊಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಅವರು ಡಚ್ ಸಹಯೋಗದಲ್ಲಿ ನಡೆಸಿ 2006ರಲ್ಲಿ ವರದಿ ಸಲ್ಲಿಸಿದ ಅಧ್ಯಯನ ಈ ಘಟ್ಟದ ಮುಖ್ಯ ಕೃತಿ. ತಂತ್ರಾಂಶ ನೌಕರಿ ಎಲ್ಲರಿಗೂ ತೆರೆದ ಬಾಗಿಲೆಂಬ ನಂಬಿಕೆಯನ್ನು ಅದು ಪ್ರಶ್ನಿಸಿತು. ನೌಕರರಲ್ಲಿ ಹೆಚ್ಚಿನವರು ನಗರವಾಸಿ, ಮಧ್ಯಮವರ್ಗದ, ಮೇಲ್ಜಾತಿಯ ಕುಟುಂಬಗಳಿಂದ ಬಂದವರೆಂದು ತೋರಿಸಿತು. ಎರಡನೆಯ ಘಟ್ಟದಲ್ಲಿ ಗಮನ ನೆಲದತ್ತ ಹೊರಳಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ಮೈಕೆಲ್ ಗೋಲ್ಡ್‌ಮನ್ 2011ರ ಪ್ರಬಂಧದಲ್ಲಿ ಬೆಂಗಳೂರು-ಮೈಸೂರು ಮೂಲಸೌಕರ್ಯ ಕಾರಿಡಾರನ್ನೂ ಚರ್ಚಿಸಿ, ‘ವಿಶ್ವನಗರ’ದ ಕನಸು ಹೇಗೆ ಜಮೀನಿನ ಸಟ್ಟಾ ವ್ಯವಹಾರವಾಗುತ್ತದೆಂದು ವಿವರಿಸಿದರು. ಆ ಕಾರಿಡಾರಿನ ಹಾದಿಯಲ್ಲಿರುವ ಕೆಂಗೇರಿಯ ಸೀಮೆ ಹೀಗೆ ಅಂತಾರಾಷ್ಟ್ರೀಯ ಚರ್ಚೆಯ ಅಂಚಿಗೆ ಬಂದಿತು. ಅದೂ ಸ್ವಾಧೀನಕ್ಕೆ ಒಳಗಾಗುವ ನೆಲವಾಗಿ, ಡಿಜಿಟಲ್ ಬದುಕಿನ ತಾಣವಾಗಿ ಅಲ್ಲ.

ಮೂರನೆಯ ಘಟ್ಟ ಇದನ್ನು ಬದಲಿಸಿತು. ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟಿನಲ್ಲಿ ಅಂತರ್ಜಾಲ ಭೂಗೋಳದ ಪ್ರಾಧ್ಯಾಪಕರಾದ ಮಾರ್ಕ್ ಗ್ರಹಾಂ ಅವರ ನೇತೃತ್ವದ ಫೇರ್‌ವರ್ಕ್ ಯೋಜನೆ, ಆ್ಯಪ್‌ಗಳ ಮೂಲಕ ದೊರೆಯುವ ಕೆಲಸವನ್ನು ದೇಶದೇಶಗಳಲ್ಲಿ ಒಂದೇ ಮಾನದಂಡದಿಂದ ಅಳೆಯುತ್ತದೆ. ಭಾರತದಲ್ಲಿ ಈ ಕಾರ್ಯವನ್ನು ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಬಾಲಾಜಿ ಪಾರ್ಥಸಾರಥಿ ಮತ್ತು ಜಾನಕಿ ಶ್ರೀನಿವಾಸನ್ ಮುನ್ನಡೆಸಿದರು. ಪಾರ್ಥಸಾರಥಿಯವರು 2004ರಲ್ಲಿ ಬೆಂಗಳೂರಿನ ತಂತ್ರಾಂಶ ಉದ್ಯಮದ ಬಗೆಗೆ ಬರೆದವರೇ. ಒಬ್ಬ ವಿದ್ವಾಂಸರ ಬರಹದಲ್ಲಿಯೇ ಎಂಜಿನಿಯರನಿಂದ ಬೈಕ್ ಸವಾರನವರೆಗಿನ ಹಾದಿ ಕಾಣುತ್ತದೆ. (ಆ ಸಂಸ್ಥೆಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ ಎಂಬುದನ್ನು ಮರೆಯಲಾಗದು.)

ಫೇರ್‌ವರ್ಕ್‌ನ ಮಾನದಂಡಗಳು ಐದು: ವೇತನ, ಕೆಲಸದ ಪರಿಸ್ಥಿತಿ, ಕರಾರು, ನಿರ್ವಹಣೆ, ಪ್ರಾತಿನಿಧ್ಯ. ಒಂದೊಂದಕ್ಕೆ ಎರಡು ಅಂಕ. ಮೊದಲನೆಯದು ದೊರೆಯದೆ ಎರಡನೆಯದಿಲ್ಲ. ಲಿಖಿತ ದಾಖಲೆ, ಕಂಪನಿಗಳು ಕೊಡುವ ಮಾಹಿತಿ, ಕೆಲಸಗಾರರ ಸಂದರ್ಶನ ಈ ಮೂರರಿಂದ ಅಂಕ ನಿರ್ಧಾರವಾಗುತ್ತದೆ. ಭಾರತದ ಮೊದಲ ಅಂಕಪಟ್ಟಿ 2019ರಲ್ಲಿ ಹೊರಬಂದಿತು. 2022ರಲ್ಲಿ 12 ವೇದಿಕೆಗಳ ಪೈಕಿ ಅತಿ ಹೆಚ್ಚಿನ ಅಂಕ 10ಕ್ಕೆ 7. ಐದು ವೇದಿಕೆಗಳಿಗೆ ಸೊನ್ನೆ. ಪ್ರಾತಿನಿಧ್ಯದ ಅಂಕ ಆ ವರ್ಷ ಒಂದು ವೇದಿಕೆಗೂ ದೊರೆಯಲಿಲ್ಲ.

ಈ ವಿಧಾನದಿಂದ ಅಧ್ಯಯನದ ತಾಣವೇ ಸ್ಥಾನಾಂತರಗೊಂಡಿತು. ಕೆಲಸದ ಜಾಗ ಗಾಜಿನ ಕಟ್ಟಡವಲ್ಲ, ಬೀದಿ. ಹಾಗಾಗಿ ತಂತ್ರಾಂಶ ಕಂಪನಿಗಳಿಲ್ಲದ ಬಡಾವಣೆಯೂ ಡಿಜಿಟಲ್ ಸಮಾಜದ ಭೂಗೋಳಕ್ಕೆ ಸೇರುತ್ತದೆ. ಇಲ್ಲಿ ಪಶ್ಚಿಮ ಬೆಂಗಳೂರು ವಿಶಿಷ್ಟ ಆಕರ. ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದು ದಿಕ್ಕನ್ನೇ ಹೆಸರಾಗಿಸಿಕೊಂಡ ಬಡಾವಣೆ, ಒಂದೇ ಸಂಖ್ಯೆಯ ಮೇನ್‌ಗಳೂ ಕ್ರಾಸ್‌ಗಳೂ ಬ್ಲಾಕಿನಿಂದ ಬ್ಲಾಕಿಗೆ ಮರುಕಳಿಸುವ ರಾಜಾಜಿನಗರ, ಹಾವನೂರು ವೃತ್ತ ಅಥವಾ ಮಾರುತಿ ಮಂದಿರವನ್ನು ಹೇಳದೆ ಪೂರ್ಣವಾಗದ ವಿಳಾಸಗಳು. ಉಪಗ್ರಹ ಗುರುತಿಸಿದ ಬಿಂದುವಿಗೂ ಮನೆಯ ಬಾಗಿಲಿಗೂ ನಡುವಿನ ಅಂತರವನ್ನು ತುಂಬುವವನು ಫೋನಿನಲ್ಲಿ ದಾರಿ ಕೇಳುವ ಸವಾರ. ಹೀಗೆ ದಾರಿ ಹುಡುಕುವ ಹೊತ್ತೂ ದುಡಿಮೆಯ ಹೊತ್ತೇ. ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಎಣಿಸುವ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಉಳಿದಿರುವ ತೊಡಕು ಭಾಷೆಯದು. ಕೆಲಸಗಾರ ‘ಐಡಿ ಬ್ಲಾಕ್ ಆಯ್ತು’ ಎನ್ನುತ್ತಾನೆ. ಕೆಲವು ಗಂಟೆಗಳ ತಡೆಯೂ ಶಾಶ್ವತ ಉಚ್ಚಾಟನೆಯೂ ಈ ಒಂದೇ ಮಾತಿನಲ್ಲಿ ಅಡಗಿವೆ. ಮಾತನಾಡಿದವನ ಮುಖ ನೋಡಿದವರಿಗೆ ಯಾವುದೆಂದು ತಿಳಿಯುತ್ತದೆ. ಅದೇ ಮಾತು ‘ಡಿಆಕ್ಟಿವೇಶನ್’ ಎಂಬ ಶೀರ್ಷಿಕೆಯಡಿ ಸೇರಿ, ಬರ್ಲಿನ್ನಿನಲ್ಲೋ ಕೇಪ್‌ಟೌನಿನಲ್ಲೋ ಸಿಕ್ಕ ಉತ್ತರದೊಡನೆ ಹೋಲಿಕೆಗೆ ನಿಂತಾಗ ಈ ವ್ಯತ್ಯಾಸ ಕಳೆದುಹೋಗುವ ಅಪಾಯವಿದೆ. ಕಂಪನಿಗೆ ಆತ ‘ಪಾರ್ಟ್‌ನರ್’, ಬಸವೇಶ್ವರನಗರದ ಗೃಹಿಣಿಗೆ ‘ಡೆಲಿವರಿ ಹುಡುಗ’, ಶಾಸನಕ್ಕೆ ‘ಗಿಗ್ ಕಾರ್ಮಿಕ’. ಹೋಲಿಕೆ ಬೇಕೆಂದರೆ ಸಮಾನ ಶೀರ್ಷಿಕೆಗಳು ಅನಿವಾರ್ಯ, ನಿಜ. ಆದರೆ ಶೀರ್ಷಿಕೆಯನ್ನು ರೂಪಿಸುವ ಮೇಜಿನ ಬಳಿ ಕನ್ನಡದ ಮಾತನ್ನು ಬಲ್ಲವರು ಆರಂಭದಿಂದಲೇ ಇರಬೇಕು. ಪ್ರಶ್ನಾವಳಿ ಸಿದ್ಧವಾದ ಮೇಲೆ ಅನುವಾದಕ್ಕಾಗಿ ಅವರನ್ನು ಕರೆಯುವುದು ಸಹಯೋಗವೆನಿಸದು.

ಇದು ವಿದ್ವತ್ತಿನ ಸೂಕ್ಷ್ಮ ಮಾತ್ರವಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಶಾಸನ, ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ವಿಧಿಸುತ್ತದೆ. ಕೆಲಸದಿಂದ ತೆಗೆಯುವಾಗ ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೇಳುತ್ತದೆ. ಮುನ್ಸೂಚನೆಯಿಲ್ಲದೆ ‘ಬ್ಲಾಕ್’ ಆದ ಸವಾರ ದೂರು ಕೊಡಲು ಬಂದಾಗ ಆತನ ಮಾತು ಶಾಸನದ ಯಾವ ಪದಕ್ಕೆ ಸಲ್ಲುತ್ತದೆಂಬುದರ ಮೇಲೆ ಆತನ ಅನ್ನ ನಿಂತಿದೆ.

ನಾಗರಭಾವಿಯಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅದರ ನೆರೆಯ ಜ್ಞಾನಭಾರತಿ ಇವೆರಡೂ ಈ ಬೀದಿಗಳಿಗೆ ಕೂಗಳತೆಯಲ್ಲಿವೆ. ಮುಂದಿನ ಸಹಯೋಗದ ಒಪ್ಪಂದಗಳಲ್ಲಿ ಸಂದರ್ಶನಗಳ ಕನ್ನಡ ಮೂಲಪಾಠವನ್ನು, ಹೇಳಿದವರ ಗುರುತು ಮರೆಸಿ, ಇಂಥ ಒಂದು ಗ್ರಂಥಾಲಯದಲ್ಲಿ ಇರಿಸಬೇಕೆಂಬ ಷರತ್ತನ್ನು ಸೇರಿಸುವುದು ಕಷ್ಟವಲ್ಲ. ಆಗ ಇಂಗ್ಲಿಷ್ ವರದಿಯ ಅಂಕವನ್ನು ಒಪ್ಪದ ಸಂಶೋಧಕ ವಿಜಯನಗರದ ಸವಾರ ಆಡಿದ ಮಾತಿಗೇ ಮರಳಿ ಹೋಗಿ ಪರೀಕ್ಷಿಸಬಹುದು.