ಒಂದೇ ಪಾತ್ರೆಯ ಸುತ್ತ: ಮನೆಯಲ್ಲಿ ಸಿಚುವಾನ್ ಹಾಟ್‌ಪಾಟ್

ಮುಂಬಯಿಯಲ್ಲಿ ನೆಲೆಸಿರುವ ನಮಗೆ 'ಸೆಜ್ವಾನ್' ಎಂಬ ಹೆಸರು ಹೊಸದಲ್ಲ. ಅದು ದೋಸೆಯನ್ನೂ ಬಿಟ್ಟಿಲ್ಲ. ಆದರೆ ಆ ಕೆಂಪು ಚಟ್ನಿಗೂ ಚೀನಾದ ನೈಋತ್ಯದ ಸಿಚುವಾನ್ ಪ್ರಾಂತ್ಯದ ಅಡುಗೆಗೂ ಹೆಸರಿನಾಚೆಗೆ ಹೆಚ್ಚಿನ ನಂಟಿಲ್ಲ. ಅಲ್ಲಿನ ಚೆಂಗ್ಡು ನಗರದಲ್ಲೂ, 1997ರಲ್ಲಿ ಆ ಪ್ರಾಂತ್ಯದಿಂದ ಬೇರ್ಪಟ್ಟ ಚೊಂಗ್‌ಚಿಂಗ್‌ನಲ್ಲೂ ಜನರು ಕುದಿಯುವ ಸಾರಿನ ಸುತ್ತ ಕುಳಿತು, ತಮಗೆ ಬೇಕಾದುದನ್ನು ಅದರಲ್ಲೇ ಬೇಯಿಸಿಕೊಂಡು ಉಣ್ಣುತ್ತಾರೆ. ಇದೇ 'ಹುವೊಗುವೊ', ಅಂದರೆ ಬೆಂಕಿಯ ಪಾತ್ರೆ, ಇಂಗ್ಲಿಷಿನಲ್ಲಿ ಹಾಟ್‌ಪಾಟ್.

ಇದರ ಜೀವಾಳ 'ಮಾಲಾ' ರುಚಿ. 'ಮಾ' ಎಂದರೆ ಜೋಮು, 'ಲಾ' ಎಂದರೆ ಖಾರ. ಖಾರ ಒಣಮೆಣಸಿನದು, ಜೋಮು ಸಿಚುವಾನ್ ಮೆಣಸಿನದು. ಇದು ನಮ್ಮ ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುವ ತಿರಫಳದ, ಅಂದರೆ ಜುಮ್ಮನಕಾಯಿಯ ಹತ್ತಿರದ ಬಂಧು. ಎರಡರಲ್ಲೂ ರುಚಿಯಿರುವುದು ಸಿಪ್ಪೆಯಲ್ಲಿ. ಒಳಗಿನ ಕರಿಬೀಜವನ್ನು ತೆಗೆಯಬೇಕು.

ನಾಲ್ವರಿಗೆ ಹದಿನೈದು ಒಣಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ ರುಬ್ಬಬೇಕು. ಅರ್ಧ ಲೋಟ ಎಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಚಕ್ರಮೊಗ್ಗು ಬಾಡಿಸಿ, ರುಬ್ಬಿದ ಮೆಣಸನ್ನೂ ಮೂರು ಚಮಚ ಡೌಬಾನ್‌ಜಿಯಾಂಗನ್ನೂ ಸೇರಿಸಬೇಕು. ಇದು ಕಾಳು ಮತ್ತು ಮೆಣಸಿನಕಾಯಿಯನ್ನು ಹುದುಗಿಸಿ ಮಾಡಿದ ಉಪ್ಪುಪ್ಪಾದ ಗೊಜ್ಜು. ಆದುದರಿಂದ ರುಚಿ ನೋಡದೆ ಉಪ್ಪು ಹಾಕಬಾರದು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿದು, ಒಂದು ಚಮಚ ಸಿಚುವಾನ್ ಮೆಣಸು ಬೆರೆಸಿ, ಒಂದೂವರೆ ಲೀಟರ್ ತರಕಾರಿ ಬೇಯಿಸಿದ ನೀರನ್ನು ಎರೆದು ಕುದಿಸಬೇಕು. ಮೊದಲ ಸಲ ನಾವು ಉರಿ ಹೆಚ್ಚಿಸಿ ಮೆಣಸು ಕರಗಿಸಿಬಿಟ್ಟೆವು, ನೆರೆಮನೆಯವರೂ ಕೆಮ್ಮಿದರು! ಸಿದ್ಧ ಮಸಾಲೆ ಕೊಳ್ಳುವವರು ಪೊಟ್ಟಣವನ್ನು ಓದಿ ನೋಡಲಿ. ಸಾಂಪ್ರದಾಯಿಕ ವಿಧಾನದಲ್ಲಿ ದನದ ಕೊಬ್ಬಿರುತ್ತದೆ.

ಸೊಪ್ಪಿಗೆ ಅರ್ಧ ನಿಮಿಷ ಸಾಕು. ತೆಳುವಾಗಿ ಹೆಚ್ಚಿದ ಆಲೂಗಡ್ಡೆ, ತಾವರೆದಂಟಿಗೆ ನಾಲ್ಕೈದು ನಿಮಿಷ ಬೇಕು. ಮಾಂಸ ಪೂರ್ತಿ ಬೇಯಬೇಕು. ಹಸಿಯದಕ್ಕೂ ಬೆಂದುದಕ್ಕೂ ಬೇರೆ ಬೇರೆ ಚಿಮಟಗಳಿರಲಿ. ಬೆಂದುದನ್ನು ಜಜ್ಜಿದ ಬೆಳ್ಳುಳ್ಳಿ ಬೆರೆಸಿದ ಎಳ್ಳೆಣ್ಣೆಯಲ್ಲಿ ಅದ್ದಿ ತಿನ್ನಬೇಕು. ಕೆಂಪು ಸಾರನ್ನು ಕುಡಿಯುವ ಪದ್ಧತಿಯಿಲ್ಲ.

ನಮ್ಮ ಮನೆಯಲ್ಲಿ ತಾಯಿಗೆ ಖಾರವಾಗದು, ಮಕ್ಕಳಿಗೆ ಖಾರವಿಲ್ಲದೆ ಆಗದು. ಚೀನೀಯರು ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ನಡುವೆ ಗೋಡೆಯಿರುವ ಪಾತ್ರೆಯ ಒಂದು ಬದಿ ಖಾರ, ಇನ್ನೊಂದು ಬದಿ ಸಪ್ಪೆ. ನಾವು ಎರಡು ಚಿಕ್ಕ ಪಾತ್ರೆಗಳನ್ನೇ ಅಕ್ಕಪಕ್ಕ ಇಡುತ್ತೇವೆ. ವಾರವಿಡೀ ತಮ್ಮ ತಮ್ಮ ಹೊತ್ತಿಗೆ ಉಣ್ಣುವ ಮಂದಿ ಭಾನುವಾರ ಒಂದು ಗಂಟೆ ಮೇಜು ಬಿಟ್ಟು ಏಳುವುದಿಲ್ಲ. ನಮಗೆ ಬೇಕಾದುದು ಅದೇ.