ಇನ್ನೂರು ಜನರ ಬಿಸಿಗೆ ಒಂದು ಸಭಾಂಗಣ

ಸುಮ್ಮನೆ ಕುಳಿತಿರುವ ವಯಸ್ಕರೊಬ್ಬರ ಮೈಯಿಂದ ಹೆಚ್ಚುಕಡಿಮೆ 100 ವಾಟ್ ಶಾಖ ಹೊರಬೀಳುತ್ತಲೇ ಇರುತ್ತದೆ. ಇನ್ನೂರು ಜನ ಕಛೇರಿ ಕೇಳಲು ಬಂದು ಕುಳಿತರೆ ಅದು 20 ಕಿಲೋವಾಟ್. ಚಳಿನಾಡಿನ ಮನೆಗಳಲ್ಲಿಡುವ ಒಂದು ಕಿಲೋವಾಟಿನ ಹೀಟರುಗಳನ್ನು ಇಪ್ಪತ್ತು ಕಡೆ ಹಚ್ಚಿಟ್ಟು ನಡುವೆ ತಂಬೂರಿ ಶ್ರುತಿ ಮಾಡಿದ ಹಾಗೆ. ಮನೆಗೂ ಸಭಾಂಗಣಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮನೆಯೊಳಗೆ ಶಾಖ ಬರುವುದು ಹೆಚ್ಚಾಗಿ ಬಿಸಿಲಿನಿಂದ, ಸಭಾಂಗಣದಲ್ಲಿ ಸಭಿಕರಿಂದಲೂ. ನಮ್ಮ ಊರುಗಳಲ್ಲಿ ಸಮುದಾಯ ಭವನ ಕಟ್ಟುವಾಗ ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಎಷ್ಟು ಕುರ್ಚಿ, ಎಷ್ಟು ಎಲೆ ಊಟ, ಪಾರ್ಕಿಂಗ್ ಎಲ್ಲಿ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆಮೇಲೆ ಸೆಕೆ ತಡೆಯಲಾಗದೆ ಎಸಿ ಬರುತ್ತದೆ.

ಮೈಸೂರಿನ ಲಕ್ಷ್ಮೀಪುರಂನಂಥ ಬಡಾವಣೆಯಲ್ಲಿ ಹೊಸದಾಗಿ ಒಂದು ಸಭಾಂಗಣ ಕಟ್ಟುವುದಾದರೆ ಹೇಗಿರಬೇಕು? ಈ ನಗರಕ್ಕೆ ಗಾಳಿಯ ಚಿಂತೆಯೂ ಜನ ಸೇರುವುದೂ ಹೊಸತಲ್ಲ. ಪ್ಲೇಗಿನ ಪೆಟ್ಟು ತಿಂದ ಊರನ್ನು ಗಾಳಿ ಬೆಳಕು ಬರುವಂತೆ ವಿಸ್ತರಿಸಲೆಂದೇ 1903ರಲ್ಲಿ ಇಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಲಕ್ಷ್ಮೀಪುರಂನಿಂದ ನಡೆದೇ ಹೋಗಬಹುದಾದ ಜಗನ್ಮೋಹನ ಅರಮನೆಯ ಸಭಾಂಗಣ 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆಗೆಂದು ಸಿದ್ಧವಾದದ್ದು. 1907ರ ಜುಲೈನಲ್ಲಿ ಮೈಸೂರು ಸಂಸ್ಥಾನದ ಶಾಸನಸಭೆ ಕೂಡಿದ್ದು ಅಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಘಟಿಕೋತ್ಸವ 1918ರಲ್ಲಿ ನಡೆದದ್ದೂ ಅಲ್ಲಿ. ಶಿವನಸಮುದ್ರದ ವಿದ್ಯುತ್ತು ಮೈಸೂರಿಗೆ ಬಂದದ್ದು 1908ರಲ್ಲಿ. ಅಂದರೆ ಆ ಮದುವೆ, ಆ ಶಾಸನಸಭೆ ಎರಡೂ ನಡೆದದ್ದು ಫ್ಯಾನು ತಿರುಗಿಸುವ ಕರೆಂಟು ಊರಿಗೆ ಬರುವ ಮೊದಲು. ಗಾಯಕ ಬಿಡಾರಂ ಕೃಷ್ಣಪ್ಪನವರು ಸಂಗೀತಕ್ಕಾಗಿಯೇ ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರವೂ ಇದೇ ಮೈಸೂರಿನದು.

ಈಗ ಗಾಳಿಯ ಲೆಕ್ಕಕ್ಕೆ ಬರೋಣ. 20 ಮೀಟರ್ ಉದ್ದ, 10 ಮೀಟರ್ ಅಗಲದ ಹಾಲ್ ಎಂದಿಟ್ಟುಕೊಳ್ಳಿ. ಸರಾಸರಿ ಎತ್ತರ 5 ಮೀಟರ್, ಒಳಗಿರುವ ಗಾಳಿ 1000 ಘನಮೀಟರ್. ಕುಳಿತಿರುವ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಉಸಿರು ಬಿಡುತ್ತಾರೆ. ಕಿಟಕಿ ಬಾಗಿಲು ಮುಚ್ಚಿದರೆ, ಹೊರಗೆ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುವ ಈ ಅನಿಲ ಒಳಗೆ 1000 ದಾಟಲು ಇನ್ನೂರು ಜನಕ್ಕೆ ಹತ್ತೇ ನಿಮಿಷ ಸಾಕು. ಹಾಲ್ ಉಸಿರುಕಟ್ಟಿದೆ ಎಂದು ಹೇಳಲು ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಗುರುತು ಆ ಸಾವಿರ. ಗಾಳಿಯನ್ನು ತಂಪು ಮಾಡಿ ಒಳಗೇ ಸುತ್ತಿಸುವ ಎಸಿಗಳು ಈ ಸಂಖ್ಯೆಯನ್ನು ಕಿಂಚಿತ್ತೂ ಇಳಿಸುವುದಿಲ್ಲ. ಭಾಷಣದ ಮಧ್ಯೆ ತೂಕಡಿಕೆ ಬಂದರೆ ಪಾಪ, ತಪ್ಪು ಯಾವಾಗಲೂ ಭಾಷಣಕಾರರದ್ದಲ್ಲ.

ಶಾಖದ ಕಡೆ ನೋಡಿದರೆ, ನೂರು ವಾಟಿನಲ್ಲಿ ಒಂದು ಪಾಲು ಬೆವರಿನ ಆವಿಯಾಗಿ ಹೋಗುತ್ತದೆ. ಗಾಳಿಯನ್ನು ನೇರವಾಗಿ ಬಿಸಿ ಮಾಡುವುದು ಸುಮಾರು 70 ವಾಟ್ ಎನ್ನೋಣ. ಇನ್ನೂರು ಜನರಿಂದ 14 ಕಿಲೋವಾಟ್. ಒಳಗಿನ ಗಾಳಿ ಹೊರಗಿನದಕ್ಕಿಂತ 2 ಡಿಗ್ರಿಯಷ್ಟೇ ಹೆಚ್ಚು ಬೆಚ್ಚಗಿರಲಿ ಎಂದರೆ ಪ್ರತಿ ಸೆಕೆಂಡಿಗೆ ಆರು ಘನಮೀಟರಿನಷ್ಟು ಹೊಸ ಗಾಳಿ ಬರಬೇಕು. ಯಂತ್ರವಿಲ್ಲದೆ ಇಷ್ಟು ಗಾಳಿ ಬರಲು ಸಾಧ್ಯ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಮೇಲೆ ದಾರಿಯಿದ್ದರೆ ಹೊರಗೆ ಹೋಗಿ ಕೆಳಗಿನಿಂದ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೆಳಗಿನ ಕಿಟಕಿಗೂ ಮೇಲಿನ ಬೆಳಕಿಂಡಿಗೂ 5 ಮೀಟರ್ ಅಂತರವಿದ್ದು, ಎಲೆಯೂ ಅಲುಗದ ಸಂಜೆಯಾದರೂ, ಕೆಳಗೆ 17 ಚದರ ಮೀಟರ್, ಮೇಲೆ 17 ಚದರ ಮೀಟರ್ ತೆರವಿದ್ದರೆ ಈ ಕೆಲಸ ಆಗುತ್ತದೆ. ಮೇಲಿನ ತೆರವನ್ನು ಸೂರಿನ ನೆತ್ತಿಯುದ್ದಕ್ಕೂ ಎರಡೂ ಬದಿಗೆ ಹಂಚಿದರೆ ಅರ್ಧ ಮೀಟರಿಗಿಂತ ಕಡಿಮೆ ಎತ್ತರದ ಪಟ್ಟಿ ಸಾಕು. ಕೆಳಗೆ ಗೋಡೆಗಿಂತ ಕಿಟಕಿಯೇ ಎದ್ದು ಕಾಣಬೇಕು. ನಮ್ಮ ಮಂಟಪಗಳಿಗೆ ಬರೀ ಕಂಬಗಳನ್ನು ನಿಲ್ಲಿಸಿದವರು ಈ ಸಮೀಕರಣ ಬರೆದವರಲ್ಲ, ಆದರೆ ಉತ್ತರ ಅವರ ಕೈಗೆ ಸಿಕ್ಕಿತ್ತು.

ಇದೇ ತೆರವು ಇನ್ನೊಂದು ಉಪಕಾರ ಮಾಡುತ್ತದೆ, ನನಗೆ ಇದು ಬಹಳ ಪ್ರಿಯವಾದ ಸಂಗತಿ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತು ಕಲಸಿಹೋಗುತ್ತಿತ್ತು. ಅದನ್ನು ಸರಿಮಾಡಲು ಹೊರಟ ವ್ಯಾಲೆಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿ ಸದ್ದನ್ನು ಹೀರಿಕೊಳ್ಳುವ ಶಕ್ತಿಗೆ ಅಳತೆಗೋಲಾಗಿ ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು. ಅಲ್ಲಿಗೆ ತಲುಪಿದ ಸದ್ದು ಮರಳುವುದಿಲ್ಲವಲ್ಲ! ನಮ್ಮ ಹಾಲಿನ ಗೋಡೆ, ನೆಲ, ಸೂರು ಎಲ್ಲ ಬೋಳಾಗಿ, ಮುಚ್ಚಿಕೊಂಡು, ಖಾಲಿಯಾಗಿದ್ದರೆ ಒಂದು ಸದ್ದು ಅಡಗಲು ಎಂಟು ಸೆಕೆಂಡಿನಷ್ಟು ಹಿಡಿಯುತ್ತದೆ. 34 ಚದರ ಮೀಟರ್ ತೆರೆದರೆ ಅದು ಮೂರು ಸೆಕೆಂಡಿಗೆ ಇಳಿಯುತ್ತದೆ. ಇನ್ನೂರು ಜನ ಬಂದು ಕುಳಿತರೆ, ಅವರ ಬಟ್ಟೆಬರೆ ಉಳಿದದ್ದನ್ನು ಹೀರಿ, ಒಂದು ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಮಾತಿಗೂ ವೀಣೆಗೂ ಅದು ಹಿತವಾದ ಅಳತೆ. ದುಬಾರಿ ಫೋಮ್ ಹಲಗೆ ಅಂಟಿಸದೆಯೇ ಇಲ್ಲಿಗೆ ಬಂದೆವು.

ಕಿಟಕಿ ತೆರೆದರೆ ರಸ್ತೆಯ ಹಾರ್ನೂ ಒಳಗೆ ಬರುತ್ತದೆ ಎಂಬುದು ಸರಿಯಾದ ಆಕ್ಷೇಪಣೆ. ಹಳೆಯ ಬಡಾವಣೆಯ ನಿವೇಶನಗಳು ಬಿಡುಬೀಸಾಗಿರುವುದಿಲ್ಲ, ಪಕ್ಕದ ಮನೆಯವರ ನಿದ್ದೆಯ ಪ್ರಶ್ನೆಯೂ ಇದೆ. ಇದಕ್ಕೆ ತೊಟ್ಟಿ ಮನೆಯ ನಕ್ಷೆಗಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ರಸ್ತೆಗೆ ದಪ್ಪ ಗೋಡೆ ಮತ್ತು ಜಗುಲಿ, ತೆರವೆಲ್ಲ ಒಳಾಂಗಳದ ಕಡೆಗೆ. ಜಗುಲಿಯಂತೂ ಕಾರ್ಯಕ್ರಮವಿಲ್ಲದ ದಿನವೂ ಹಿರಿಯರಿಗೆ ಪತ್ರಿಕೆ ಓದುವ, ಮಕ್ಕಳಿಗೆ ಮಳೆ ನಿಲ್ಲುವವರೆಗೆ ಕಾಯುವ ಜಾಗ.

ಇನ್ನು ಮೇಲಿನ ಸೂರು. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಹಾಗಾಗಿ ಗೋಡೆಗಿಂತ ಸೂರಿಗೆ ಪೆಟ್ಟು ಹೆಚ್ಚು. ಕಾಂಕ್ರೀಟ್ ತಾರಸಿ ಮಧ್ಯಾಹ್ನ ಕುಡಿದ ಬಿಸಿಯನ್ನು ಒಳಮೈಗೆ ದಾಟಿಸಲು ಕೆಲವು ಗಂಟೆ ತೆಗೆದುಕೊಳ್ಳುತ್ತದೆ, ಸರಿಯಾಗಿ ಸಂಜೆಯ ಕಾರ್ಯಕ್ರಮದ ವೇಳೆಗೆ ಅದು ಸಭಿಕರ ತಲೆಯ ಮೇಲೆ ಇಳಿಯುತ್ತದೆ. ಮಂಗಳೂರು ಹೆಂಚು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮಧ್ಯಾಹ್ನ ಮಲಗುವ ಮನೆಗೆ ಅದು ತೊಂದರೆ ಕೊಡಬಹುದು, ಸಂಜೆ ತುಂಬುವ ಹಾಲಿಗೆ ಹೇಳಿಮಾಡಿಸಿದ್ದು. ಕೆಳಗೆ ಗಾಳಿಯಾಡುವ ಮರದ ಒಳಸೂರು ಇದ್ದರೆ ಹಗಲಿಗೂ ಸೈ.

ಸಭಾಂಗಣವು ಹೆಚ್ಚಿನ ಹೊತ್ತು ಖಾಲಿಯಿರುವ ಕಟ್ಟಡ ಎಂಬುದನ್ನೂ ಮರೆಯಬಾರದು. ಎಸಿಯೇ ಇಲ್ಲದ, ದಿನಕ್ಕೆ ಎರಡು ಮೂರು ಗಂಟೆ ಬಳಸುವ ಹಾಲಿನಲ್ಲಿ ದೀಪ, ಫ್ಯಾನು ನುಂಗುವ ವಿದ್ಯುತ್ತು ಅಷ್ಟಕ್ಕಷ್ಟೆ. ಅದರ ನಿಜವಾದ ಶಕ್ತಿಯ ಖರ್ಚು ಉದ್ಘಾಟನೆಗೆ ಮೊದಲೇ, ಇಟ್ಟಿಗೆ ಗೂಡಿನಲ್ಲಿ, ಸಿಮೆಂಟ್ ಮತ್ತು ಉಕ್ಕಿನ ಕುಲುಮೆಯಲ್ಲಿ ಆಗಿಹೋಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಹಿಡಿದದ್ದು ಇದೇ ಎಳೆಯನ್ನು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿಮಾಡುವ ಇಟ್ಟಿಗೆಯನ್ನು ಪಳಗಿಸಿದರು. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಅರ್ಧಕ್ಕಿಂತ ಎಷ್ಟೋ ಕಡಿಮೆಯಲ್ಲಿ ಈ ಮಣ್ಣಿನ ಗೋಡೆ ಏಳುತ್ತದೆ.

ಮೈಸೂರಿನ ಸುತ್ತ ಸಿಗುವ ಮರಳು ಬೆರೆತ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬುವುದರಿಂದ ಸಿಮೆಂಟ್ ಸಾಲದು, ಸುಣ್ಣ ಬೇಕು. ನಮ್ಮ ಹಾಲಿನ ತೆರವುಗಳನ್ನು ಬಿಟ್ಟು ಉಳಿಯುವ ಗೋಡೆ ಸುಮಾರು 40 ಘನಮೀಟರ್. ಸೂರಿನ ಮಳೆನೀರು ಹಿಡಿಯಲು 50 ಸಾವಿರ ಲೀಟರಿನ ಸಂಪ್ ತೋಡಿದರೆ, ಅಲ್ಲಿಂದ ಎದ್ದ ಮಣ್ಣೇ ಆ ಗೋಡೆಗೆ ಸಾಕಾಗುತ್ತದೆ, ಲಾರಿ ಬೇಕಿಲ್ಲ. ಮೇಲ್ಪದರದ ಬೇರು ಗೊಬ್ಬರದ ಮಣ್ಣನ್ನು ಮಾತ್ರ ತೋಟಕ್ಕೆ ಬಿಡಬೇಕು. ಉಳಿದದ್ದರಲ್ಲಿ ಒಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ, ಒಂದು ರಾತ್ರಿ ಇಡಿ. ತಳದಲ್ಲಿ ಮರಳು, ಅದರ ಮೇಲೆ ಸಣ್ಣ ಹೂಳು, ಎಲ್ಲಕ್ಕಿಂತ ಮೇಲೆ ಜೇಡಿ ಪದರಪದರವಾಗಿ ಕೂತಿರುತ್ತದೆ. ಮರಳಿನ ಪಾಲು ಮೂರರಲ್ಲಿ ಎರಡಕ್ಕಿಂತ ಕಡಿಮೆ ಕಂಡರೆ ಇಟ್ಟಿಗೆ ಒತ್ತುವ ಮೊದಲು ಕಲ್ಲುಪುಡಿ ಬೆರೆಸಿಕೊಳ್ಳಬೇಕು.