ಸಾಲಿನೊಳಗಿನ ಅಂಕಿಯನ್ನು ಆಯ್ದುಕೊಳ್ಳುವ ವಿಧಿ

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಟೋಲ್ ನಾಕಾದ ಬಳಿ ಅರೆಗಳಿಗೆ ನಿಂತವನಿಗೆ, ಬೆಳಗಾವಿಯಿಂದ ಕೊಲ್ಲಾಪುರದ ಕಡೆಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯ ವಾಹನಗಳು ಎಲ್ಲಿ ನೋಂದಾಯಿತವಾದುವೆಂಬುದು ಅವುಗಳ ನಂಬರ್ ಪ್ಲೇಟಿನಿಂದಲೇ ತಿಳಿದುಬರುತ್ತದೆ: ಕೆಎ 22 ಬೆಳಗಾವಿ, 23 ಚಿಕ್ಕೋಡಿ, 49 ಗೋಕಾಕ, ಎಂಎಚ್ 09 ಆದರೆ ಕೊಲ್ಲಾಪುರ. ಕಣ್ಣಿಗೆ ಇದು ಅನಾಯಾಸ, ಗಣಕಯಂತ್ರಕ್ಕಾದರೋ ಹೇಳಿಕೊಡಬೇಕು.

ಇಂಥ ವಾಹನಗಳ ವಿವರವನ್ನು ಗುಮಾಸ್ತನೊಬ್ಬನು ಷರಾದ ಅಂಕಣದಲ್ಲಿ ತನಗೆ ತೋಚಿದಂತೆ, ಒಮ್ಮೆ ಅಡ್ಡಗೆರೆಯಿಟ್ಟು, ಒಮ್ಮೆ ತೆರಪು ಬಿಟ್ಟು, ಒಮ್ಮೆ ‘ಕಬ್ಬಿನ ಲಾರಿ, ಟ್ಯಾಗ್ ಓದಲಿಲ್ಲ’ ಎಂಬ ಮಾತಿನ ನಡುವೆ ಸೇರಿಸಿ ಬರೆದಿರುವನೆಂದು ಭಾವಿಸೋಣ. ಆಗ ‘ಮೂರನೆಯ ಅಕ್ಷರದಿಂದ ಎರಡನ್ನು ತೆಗೆ’ ಎಂಬ ಸ್ಥಾನಾಧಾರಿತವಾದ ಆಜ್ಞೆ ನಿಷ್ಪ್ರಯೋಜಕ. ಬೇಕಾದ ಅಂಶವು ಎಲ್ಲಿದೆಯೆಂಬುದನ್ನು ಬಿಟ್ಟು ಅದರ ಆಕೃತಿ ಎಂಥದೆಂಬುದನ್ನೇ ಹೇಳಬೇಕು: ಎರಡು ಅಕ್ಷರ, ಇದ್ದರೆ ಒಂದು ತೆರಪು ಅಥವಾ ಗೆರೆ, ಆಮೇಲೆ ಎರಡು ಅಂಕಿ, ತರುವಾಯ ಸರಣಿಯ ಅಕ್ಷರಗಳು, ಕಡೆಗೆ ನಾಲ್ಕಂಕಿ. ಇವುಗಳಲ್ಲಿ ನಮಗೆ ಬೇಕಾದ ಮೊದಲ ಎರಡು ಅಂಕಿಗಳನ್ನು ಆವರಣದೊಳಗಿಟ್ಟರೆ, ಎಸ್‌ಕ್ಯೂಎಲ್ ಎಂಬ ದತ್ತಸಂಚಯದ ಪ್ರಶ್ನಭಾಷೆಯು ಸಾವಿರಾರು ಸಾಲುಗಳಿಂದ ಅಷ್ಟನ್ನೇ ಹೊರತೆಗೆದು, ಗೋಕಾಕದವು ಎಷ್ಟು, ಚಿಕ್ಕೋಡಿಯವು ಎಷ್ಟು ಎಂದು ಗುಂಪುಗೂಡಿಸಿ ಎಣಿಸಿಕೊಡಬಲ್ಲುದು.

ಹೀಗೆ ಆಕೃತಿಯನ್ನು ವರ್ಣಿಸುವ ವಿಧಿಗಳ ಮೂಲವು ದತ್ತಸಂಚಯದಲ್ಲಿಲ್ಲ, ನರಕೋಶಗಳಲ್ಲಿದೆಯೆಂಬುದು ನನಗೆ ಇಂದಿಗೂ ವಿಸ್ಮಯಕರವೇ. ನರಜಾಲಗಳ ಗಣಿತಮಾದರಿಯೊಂದು ಎಂತೆಂಥ ಘಟನಾಕ್ರಮಗಳನ್ನು ಗುರುತಿಸಬಲ್ಲುದೆಂದು ವಿಚಾರಿಸುತ್ತ ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ 1956ರಲ್ಲಿ ಪ್ರಕಟಿಸಿದ ಸಂಕೇತಪದ್ಧತಿಯನ್ನು, 1968ರಲ್ಲಿ ಕೆನ್ ಥಾಮ್ಸನ್ ಪಠ್ಯಶೋಧನೆಗೆ ಅಳವಡಿಸಿದನು. ಅವನ ಯಂತ್ರವು ಸಾಲನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವಾಗಿ ಓದುತ್ತ, ‘ಈವರೆಗೆ ಕಂಡುದು ವಿಧಿಯ ಯಾವ ಯಾವ ಹಂತಕ್ಕೆ ಹೊಂದಬಹುದು’ ಎಂಬುದನ್ನೆಲ್ಲ ಏಕಕಾಲದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಆದುದರಿಂದ ಹಿಂದಿರುಗಿ ಓದುವ ಪ್ರಮೇಯವೇ ಇಲ್ಲ. ಎಸ್‌ಕ್ಯೂಎಲ್‌ನ ಪ್ರಮಾಣಗ್ರಂಥಕ್ಕೆ ಈ ಸಂಕೇತಪದ್ಧತಿಯ ಒಂದು ರೂಪ ಬಂದುದು 1999ರಲ್ಲಿ.

ವಿಧಿಯು ಆಕೃತಿಯನ್ನು ಬಲ್ಲುದೇ ಹೊರತು ಅರ್ಥವನ್ನಲ್ಲ. ‘0 ಇಂದ 9’ ಎಂದು ಬರೆದ ವ್ಯಾಪ್ತಿಗೆ ಕನ್ನಡದ ೪೯ ಅಂಕಿಯೇ ಅಲ್ಲ, ಏಕೆಂದರೆ ಯೂನಿಕೋಡಿನಲ್ಲಿ ಅದರ ಸಂಕೇತಗಳು ಬೇರೆ. 2021ರಲ್ಲಿ ಆರಂಭವಾದ ಬಿಎಚ್ ಸರಣಿಯ ಫಲಕದಲ್ಲಿ ನೋಂದಣಿಯ ವರ್ಷದ ಎರಡು ಅಂಕಿಗಳೇ ಮೊದಲು ಬಂದು, ಅಕ್ಷರಗಳು ಅನಂತರ ಬರುವುದರಿಂದ, ನಮ್ಮ ವಿಧಿಯು ಅಲ್ಲಿ ಏನನ್ನೂ ಕಾಣದೆ ‘ನಲ್’ ಎಂಬ ಖಾಲಿ ಮೌಲ್ಯವನ್ನು ಹಿಂದಿರುಗಿಸುತ್ತದೆ. ಅಂಥ ಸಾಲುಗಳನ್ನು ಕಸವೆಂದು ತಳ್ಳಿಬಿಡುವವರೇ ಹೆಚ್ಚು. ಬಲ್ಲವರು ಮೊದಲು ಅವನ್ನೇ ಪ್ರತ್ಯೇಕವಾಗಿ ತೆಗೆದು ಓದುತ್ತಾರೆ.